ಕುರ್ಲಾದ ಆ ಅಣ್ಣನಿಗೆ ಥ್ಯಾಂಕ್ಸ್

ಕುರ್ಲಾದ ಸಿಎಸ್‌ಟಿ ರಸ್ತೆಯ ಪೇಂಟ್ ಅಂಗಡಿಯಲ್ಲಿ ನನ್ನ ಕೈಯಿಂದ ಸ್ಪ್ರೇ ಡಬ್ಬ ಕಿತ್ತು ವಾಪಸ್ ಇಟ್ಟರಲ್ಲ, ಆ ಅಣ್ಣನಿಗೆ ಈ ಬರಹ. ಫೋನಲ್ಲಿ ನಾನು ಕನ್ನಡ ಮಾತಾಡಿದ್ದು ಕೇಳಿ ಹತ್ತಿರ ಬಂದರು. ಹೆಸರು ಕೇಳೋದೇ ಮರೆತೆ.

ಅಪ್ಪನ ಹಳೇ ಪದ್ಮಿನಿ ಕಾರಿನ ಭಾಗಗಳಿಗೆಲ್ಲ ಒಂದೇ ಕಪ್ಪು ಬಣ್ಣ ಹೊಡೆಯೋ ಯೋಚನೆ ನನ್ನದು. ಹಿಂದೆ ಒಂದು ಗ್ಯಾರೇಜಿನವರು ತುಕ್ಕಿನ ಮೇಲೆಯೇ ಬಣ್ಣ ಬಳಿದಿದ್ದರು. ಮುಂಬೈಯ ಒಂದೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದಿತ್ತು. ನನ್ನ ಚೀಲದಲ್ಲಿದ್ದ ಬ್ರಾಕೆಟ್ಟನ್ನು (ಭಾಗಗಳನ್ನು ಹಿಡಿದಿಡುವ ಲೋಹದ ಪಟ್ಟಿ) ಅಣ್ಣ ಕೀಲಿಯಿಂದ ಕೆರೆದರು. ಬಣ್ಣದ ಜೊತೆ ಕೆಂಪು ಪುಡಿ ಉದುರಿತು. "ನೋಡಿ, ಇದರ ಮೇಲೆ ಏನು ಹೊಡೆದರೂ ದಂಡ."

ಚಕ್ರಕ್ಕೆ ಪೌಡರ್ ಕೋಟಿಂಗ್, ಅಂದರೆ ಪುಡಿ ಬಣ್ಣ ಹಾಕಿ ಓವನ್‌ನಲ್ಲಿ ಬೇಯಿಸೋದು, ಅಂದರು. ನಟ್ ಕೂರುವ ಜಾಗ ಮಾತ್ರ ಮುಚ್ಚಿಸಬೇಕು, ದಪ್ಪ ಪದರ ಇದ್ದರೆ ನಟ್ ಸಡಿಲ ಆಗುತ್ತೆ. ಸುಮಾರು 180–200 ಡಿಗ್ರಿಯಲ್ಲಿ ಬೇಯಿಸುವುದರಿಂದ ರಬ್ಬರ್ ಬುಷ್ (ಅದುರು ತಡೆಯುವ ರಬ್ಬರ್ ತುಂಡು) ಇರುವ ಭಾಗ ಕೊಡಬಾರದು. ಬ್ರಾಕೆಟ್ಟಿಗೆ ತುಕ್ಕು ಪೂರ್ತಿ ತೆಗೆದು ಮೊದಲ ಪದರವಾಗಿ ಎಪಾಕ್ಸಿ ಪ್ರೈಮರ್, ಮೇಲೆ ಟೂ-ಕೆ ಪಿಯು, ಅಂದರೆ ಗಟ್ಟಿಕಾರಕ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಬಣ್ಣ. ಬ್ರೇಕ್ ಆಯಿಲ್ ಬಿದ್ದರೆ ಸಾದಾ ಎನಾಮಲ್ ಕರಗಿ ಹೋಗುತ್ತಂತೆ. ಪಿಯು ಹೊಡೆಯುವಾಗ ಸುಮ್ನೆ ಕರ್ಚೀಫ್ ಕಟ್ಟಿದರೆ ಸಾಲದು, ಸರಿಯಾದ ಮಾಸ್ಕ್ ಬೇಕು ಅಂತ ಎರಡು ಸಲ ಹೇಳಿದರು.

ಇಂಜಿನ್ನಿನಿಂದ ಬಿಸಿ ಹೊಗೆ ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ 600 ಡಿಗ್ರಿ ತಡೆಯುವ ಸಿಲಿಕೋನ್ ಪೇಂಟ್, ತೆಳ್ಳಗೆ, ಸಾದಾ ಪ್ರೈಮರ್ ಇಲ್ಲದೆ. ಇಂಜಿನ್ ಬಿಸಿಗೇ ಅದು ಗಟ್ಟಿಯಾಗೋದು. ನಿನ್ನೆ ಸ್ಟಾರ್ಟ್ ಮಾಡಿದಾಗ ಹೊಗೆ ಬಂದು ಹೆಂಡತಿ ಬಕೆಟ್ ನೀರು ತಂದಿದ್ದಳು. ಅಣ್ಣಾ, ಹೊಗೆ ಬರುತ್ತೆ ಅಂತ ನೀವು ಮೊದಲೇ ಹೇಳಿದ್ದು ನೆನಪಾಯ್ತು. ಬಕೆಟ್ ಕೆಳಗಿಡಿಸಿದೆ.