ಚಿತ್ರದ ಬೆಲೆ, ಗಡಿಯಾರದ ಬೆಲೆ: ಮಗಳಿಗೊಂದು ಪತ್ರ

ಚಿತ್ರದುರ್ಗ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. ದಾವಣಗೆರೆಯ ಪ್ರದರ್ಶನಕ್ಕೆ ಬಂದ ಗೃಹಸ್ಥರೊಬ್ಬರು ನಿನ್ನ 12,000 ರೂಪಾಯಿಯ ಚಿತ್ರವನ್ನು 5,000ಕ್ಕೆ ಕೇಳಿದರೆಂದೂ, ಅವರ ಕೈಯಲ್ಲಿ ಲಕ್ಷಗಟ್ಟಲೆ ಬೆಲೆಯ ಗಡಿಯಾರವಿತ್ತೆಂದೂ ಬರೆದು, "ನನ್ನ ಚಿತ್ರ ಆ ಗಡಿಯಾರದ ಪಟ್ಟಿಯಷ್ಟೂ ಬಾಳುವುದಿಲ್ಲವೇ ದೊಡ್ಡಪ್ಪ?" ಎಂದು ಕೇಳಿದ್ದೀಯ.

ಗಡಿಯಾರ ಕೊಳ್ಳುವಾಗ ಅವರು ಚೌಕಾಸಿ ಮಾಡಿರಲಾರರು. ಅದರ ಬೆಲೆಯನ್ನು ಕಂಪನಿಯೇ ಗೊತ್ತುಮಾಡಿರುತ್ತದೆ, ಎಷ್ಟು ತಯಾರಿಸಬೇಕೆಂಬುದೂ ಅದರ ಕೈಯಲ್ಲೇ ಇರುತ್ತದೆ, ಹೆಸರನ್ನು ಊರೆಲ್ಲ ಬಲ್ಲದು; ಕೊಳ್ಳುವವರು ತಮ್ಮ ಕಣ್ಣನ್ನು ನಂಬಬೇಕಾಗಿಯೇ ಇಲ್ಲ. ನಿನ್ನ ಚಿತ್ರ ಚೆನ್ನಾಗಿದೆಯೆಂದು ಅವರಿಗಿಂತ ಮೊದಲು ಯಾರೂ ಹೇಳಿರಲಿಲ್ಲ. ಆ ತೀರ್ಮಾನದ ಹೊಣೆ ಹೊರಲು ಅಳುಕುವವರು ಬೆಲೆ ಇಳಿಸಿ ಕೇಳುತ್ತಾರೆ. ಆ 5,000ದಲ್ಲಿ ನನಗೆ ಕಾಣುವುದು ಅವರ ಅಳುಕೇ.

ಸೀರೆ ಅಂಗಡಿಯ ಗಲ್ಲಾದಲ್ಲಿ ಕುಳಿತ ವರ್ಷಗಳಲ್ಲಿ ನಾನು ಕಂಡದ್ದೂ ಇದನ್ನೇ. ಮೊಳಕಾಲ್ಮೂರು ಸೀರೆಯನ್ನು ಬಿಚ್ಚಿ ಹಾಸಿದರೆ ಗಿರಾಕಿಗಳು ಜರಿ ಅಸಲಿಯೇ, ರೇಷ್ಮೆ ಎಷ್ಟು ತೂಕ ಎಂದು ವಿಚಾರಿಸುತ್ತಿದ್ದರು. ಅಂಚಿನ ಬಣ್ಣವನ್ನೂ ಸೆರಗಿನ ಬುಟ್ಟಾವನ್ನೂ ಮನಸಾರೆ ಮೆಚ್ಚಿದರೂ ಅದಕ್ಕೆಂದು ಒಂದು ರೂಪಾಯಿ ಹೆಚ್ಚು ಕೊಡುತ್ತಿರಲಿಲ್ಲ. ಡಬ್ಬಿಯ ಮೇಲೆ ಅಂಗಡಿಯ ಹೆಸರಿರುತ್ತಿತ್ತು. ಭೌಗೋಳಿಕ ಸೂಚಕದ ಮಾನ್ಯತೆ ಬಂದಮೇಲೆ ಊರಿನ ಹೆಸರಿಗೂ ರಕ್ಷಣೆ ಸಿಕ್ಕಿತು. ಮಗ್ಗದ ಮುಂದೆ ಕುಳಿತವರ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಎಷ್ಟೋ ಒಳ್ಳೆಯ ಕೈಗಳ ಹೆಸರು ನನಗೂ ತಿಳಿಯದೆ ಹೋಯಿತಲ್ಲ ಎಂಬ ಕೊರಗು ಈ ವಯಸ್ಸಿನಲ್ಲಿ ಹೆಚ್ಚಾಗಿದೆ. ಆದ್ದರಿಂದ ಪ್ರತಿ ಚಿತ್ರಕ್ಕೂ ಸಹಿ ಮತ್ತು ಇಸವಿ ಹಾಕು, ರಸೀದಿಯ ಪ್ರತಿ ಇಟ್ಟುಕೋ. ನಿಮ್ಮ ಕಾಲೇಜಿನಲ್ಲಿ ಇದನ್ನೆಲ್ಲ ಈಗಾಗಲೇ ಹೇಳಿರಬಹುದು.

ಅಮೃತಾ ಶೇರ್‌ಗಿಲ್ 1937ರಲ್ಲಿ ಬರೆದ ಚಿತ್ರವೊಂದು 2023ರ ಹರಾಜಿನಲ್ಲಿ 61.8 ಕೋಟಿ ರೂಪಾಯಿಗೆ ಮಾರಾಟವಾಯಿತು. ಅವರು 1941ರಲ್ಲಿ, 28ರ ಹರೆಯದಲ್ಲೇ ತೀರಿಕೊಂಡಿದ್ದರು. ಆ ಮೊತ್ತ ಹೇಳಿ ನಿನ್ನನ್ನು ಸಮಾಧಾನಪಡಿಸಲು ನನಗೆ ಮನಸ್ಸಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಚಿತ್ರಕ್ಕೂ ಗಡಿಯಾರಕ್ಕಿರುವಂಥ ಹೆಸರಿನ ಬಲ ಬಂದಿರುತ್ತದೆ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವು 10 ಲಕ್ಷ ರೂಪಾಯಿ ಮೀರಿದ ಐಷಾರಾಮಿ ವಸ್ತುಗಳ ಮಾರಾಟದ ಮೇಲೆ ಶೇ. 1ರಷ್ಟು ತೆರಿಗೆಯನ್ನು ಮಾರುವಾಗಲೇ ಕೊಳ್ಳುವವರಿಂದ ವಸೂಲು ಮಾಡಲು ಹೊರಡಿಸಿದ ಪಟ್ಟಿಯಲ್ಲಿ ಕೈಗಡಿಯಾರ, ಕೈಚೀಲ, ಪಾದರಕ್ಷೆಗಳ ಜೊತೆಗೇ ವರ್ಣಚಿತ್ರವೂ ಇದೆ. ಆ ಎತ್ತರದಲ್ಲಿ ಎರಡೂ ಒಂದೇ ಸಾಲಿಗೆ ಸೇರುತ್ತವೆ. ನಿನ್ನ ಪ್ರಶ್ನೆ ಹುಟ್ಟಿದ್ದು ಅದಕ್ಕಿಂತ ಬಹಳ ಮೊದಲು, ಯಾರೂ ಹೆಸರು ಕೇಳದ ದಿನಗಳಲ್ಲಿ. ಆಗ ಕೊಳ್ಳುವವರು ಕೆಲವರೇ ಆದರೂ ಚಿತ್ರವನ್ನು ನೋಡಿಯೇ ಕೊಳ್ಳುತ್ತಾರೆ.

ಗಡಿಯಾರದ ಪಟ್ಟಿಯಷ್ಟೂ ಬಾಳುವುದಿಲ್ಲವೇ ಎಂಬ ಮಾತಿಗೆ ಮತ್ತೆ ಬರುತ್ತೇನೆ. ಹಣದ ಲೆಕ್ಕದಲ್ಲಿ ಇಂದು ಅದು ನಿಜವಿರಬಹುದು, ಅದನ್ನು ನಿನ್ನಿಂದ ಮುಚ್ಚಿಡಲಾರೆ. ಆದ್ದರಿಂದ ಮಕ್ಕಳಿಗೆ ಚಿತ್ರ ಕಲಿಸುವ ಕೆಲಸ ಸಿಕ್ಕರೆ ಬೇಡವೆನ್ನಬೇಡ. ಇದನ್ನು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳುತ್ತಿದ್ದೇನೆ. ಬಾಡಿಗೆಯ ಚಿಂತೆಗೆ ಹೆದರಿ 5,000ಕ್ಕೆ ಕೊಟ್ಟುಬಿಟ್ಟರೆ, ಮೊದಲು ನಿನ್ನ ಬೇರೆ ಚಿತ್ರಗಳನ್ನು ಪೂರ್ತಿ ಬೆಲೆ ಕೊಟ್ಟು ಕೊಂಡವರಿಗೆ ಏನು ಹೇಳುತ್ತೀಯ? ಆ ಗೃಹಸ್ಥರು ಮತ್ತೆ ಬಂದರೆ ಕೂರಿಸಿ, ಸಾವಕಾಶವಾಗಿ ನೋಡಲು ಬಿಡು. ಬೆಲೆ ಕೇಳಿದರೆ 12,000 ಎಂದೇ ಹೇಳು. ಎರಡು ಕಂತಿನಲ್ಲಿ ಕೊಡುತ್ತೇನೆಂದರೆ ಒಪ್ಪಿಕೋ. ಈ ತಿಂಗಳ ಬಾಡಿಗೆಯನ್ನು ನಾನು ಕಳುಹಿಸುತ್ತೇನೆ.

ಇಂತು,
ನಿನ್ನ ದೊಡ್ಡಪ್ಪ