ಮಗಳಿಗೊಂದು ಪತ್ರ: ಹೆಬ್ಬಾತುಗಳ ಕಣ್ಣು ತಪ್ಪಿಸುವ ಬಗೆ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಬರುವ ಶನಿವಾರ ಗೆಳತಿಯ ಮನೆಯವರ ಜೊತೆಗೆ ಕೆನಡಾದ ಸಸ್ಕ್ಯಾಚವಾನ್ ಪ್ರಾಂತ್ಯದ ಕಿಂಡರ್ಸ್ಲಿ ಕಡೆಯ ಹೊಲಗಳಿಗೆ ಹೆಬ್ಬಾತು ಬೇಟೆಗೆ ಹೋಗುವುದಾಗಿ ಬರೆದು, ಯಾವ ಬಣ್ಣದ ಜಾಕೆಟ್ ಕೊಳ್ಳಲಿ ಎಂದು ಕೇಳಿರುವೆ. ಒಣಹುಲ್ಲಿನ ಬಣ್ಣದ್ದು ಯಾವುದಾದರೂ ಸಾಕು, ದುಬಾರಿಯದು ಬೇಡ. ಕಟಾವಾದ ಬಯಲಿನಲ್ಲಿ ಬೇಟೆಗಾರರನ್ನು ಹಕ್ಕಿಗಳಿಗೆ ತೋರಿಸಿಕೊಡುವುದು ಬಟ್ಟೆಯ ಬಣ್ಣಕ್ಕಿಂತ ಹೆಚ್ಚಾಗಿ ನೆರಳು, ಹೊಳಪು ಮತ್ತು ಅಲುಗಾಟ.

ಆರ್ಕ್ಟಿಕ್‌ನಿಂದ ದಕ್ಷಿಣಕ್ಕೆ ಹೊರಟ ಹೆಬ್ಬಾತುಗಳು ಸೆಪ್ಟೆಂಬರ್‌ನಿಂದಲೇ ಗುಂಡಿನ ಸದ್ದು ಕೇಳುತ್ತ ಬಂದಿರುತ್ತವೆ. ಅವು ಬಹುಕಾಲ ಬದುಕುವ ಹಕ್ಕಿಗಳಾದ್ದರಿಂದ, ಈ ದಾರಿಯನ್ನು ಎಷ್ಟೋ ಸಲ ಕಂಡ ಹಳೆಯ ಹಕ್ಕಿಗಳು ಹಿಂಡಿನಲ್ಲಿ ಇದ್ದೇ ಇರುತ್ತವೆ. ತಲೆಯ ಎರಡು ಪಕ್ಕಗಳಲ್ಲಿ ಕಣ್ಣುಗಳಿರುವುದರಿಂದ ಕತ್ತು ತಿರುಗಿಸದೆಯೇ ಅವಕ್ಕೆ ಸುತ್ತಲಿನ ಬಹುಭಾಗ ಕಾಣುತ್ತದೆ. ಇಳಿಯುವ ಮುನ್ನ ಹೊಲದ ಮೇಲೆ ಸುತ್ತು ಹಾಕುವಾಗ ಅವು ನೋಡುವುದು ಮೇಲಿನಿಂದ. ನಾವು ಅಡಗುವ ಮರೆಯನ್ನು ಪರೀಕ್ಷಿಸುವುದೋ ನೆಲದ ಮೇಲೆ ನಿಂತು! ಬೆಳಗಾಗುವ ಮುನ್ನ ಟಾರ್ಚ್ ಬೆಳಕಿನಲ್ಲಿ ಚೆನ್ನಾಗಿಯೇ ಕಂಡ ಮರೆ, ಸೂರ್ಯ ಏರಿದೊಡನೆ ಉದ್ದನೆಯ ಕಪ್ಪು ನೆರಳು ಚೆಲ್ಲಿ ಬಯಲಾಗುವುದು ಇದರಿಂದಲೇ.

ನಿಮ್ಮವರು ಬಳಸುವುದು ಲೇಔಟ್ ಬ್ಲೈಂಡ್ ಎಂದು ಬರೆದಿರುವೆ. ಬೆನ್ನ ಮೇಲೆ ಮಲಗಿಕೊಳ್ಳುವ ಈ ತಗ್ಗು ಡೇರೆ ನೆಲದಿಂದ ಹೆಚ್ಚು ಮೇಲೇಳುವುದಿಲ್ಲ, ಆದ್ದರಿಂದ ನೆರಳೂ ಕಡಿಮೆ. ಆದರೆ ಹೊಸ ಬಟ್ಟೆ ಬಿಸಿಲಿಗೆ ಎಣ್ಣೆ ಸವರಿದ ಬಾಣಲೆಯಂತೆ ಮಿರುಗುತ್ತದೆ. ಮಣ್ಣನ್ನು ನೀರಿನಲ್ಲಿ ಕಲಸಿ ಇಡೀ ಬ್ಲೈಂಡಿಗೆ ಬಳಿದು, ಒಣಗಿದ ಮೇಲೆ ಗುಡಿಸಿ ತೆಗೆಯುವುದು ಮೊದಲ ಕೆಲಸ. ಆಮೇಲೆ ಅದರ ಪಟ್ಟಿಗಳಿಗೆ ಅದೇ ಹೊಲದ ಕೂಳೆಯನ್ನು ಸಿಕ್ಕಿಸಬೇಕು. ಗೋಧಿ ಹೊಲದ ಹುಲ್ಲನ್ನು ಬಾರ್ಲಿ ಹೊಲಕ್ಕೆ ಒಯ್ದರೆ ಬಣ್ಣ ಹೊಂದುವುದಿಲ್ಲ. ಬ್ಲೈಂಡಿನ ಅಂಚು ನೆಲವನ್ನು ಸೇರುವಲ್ಲಿ ಹುಲ್ಲನ್ನು ಇಳಿಜಾರಾಗಿ ಒಟ್ಟಬೇಕು, ಏಕೆಂದರೆ ನೆರಳು ಹುಟ್ಟುವುದೇ ಆ ಅಂಚಿನಲ್ಲಿ. ಹುಲ್ಲು ಕೀಳುವುದಾದರೆ ದೂರದಿಂದ ತನ್ನಿ. ಸುತ್ತಲಿನದನ್ನೇ ಕಿತ್ತರೆ ಬೋಳಾದ ನೆಲದ ನಡುವೆ ಗುಪ್ಪೆಯೊಂದು ಎದ್ದು ಕಾಣುತ್ತದೆ.

ಬಟಾಣಿ ಹೊಲ ಸಿಕ್ಕಿತೆಂದರೆ ಕಷ್ಟ. ಹೆಬ್ಬಾತುಗಳಿಗೆ ಉದುರಿದ ಬಟಾಣಿ ಎಂದರೆ ಬಲು ಇಷ್ಟ, ಆದರೆ ಆ ಬೆಳೆಯನ್ನು ನೆಲಮಟ್ಟಕ್ಕೆ ಕೊಯ್ಯುವುದರಿಂದ ಮರೆಗೆ ಕೂಳೆಯೇ ಇರುವುದಿಲ್ಲ. ಅಂಥಲ್ಲಿ ಹಕ್ಕಿಗಳು ಹಿಂದಿನ ಸಂಜೆ ಮೇಯ್ದ ನಿಖರ ಜಾಗವನ್ನು, ಅಂದರೆ ಹಿಕ್ಕೆ ಮತ್ತು ಪುಕ್ಕ ಬಿದ್ದಿರುವ ಕಡೆಯನ್ನು, ಸ್ವಲ್ಪ ಬಿಟ್ಟುಕೊಟ್ಟಾದರೂ ಹೊಂಡದ ಜೊಂಡಿನ ಅಂಚಿನಲ್ಲೋ ಬೇಲಿಸಾಲಿನಲ್ಲೋ ಅಡಗುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಬಹಳ ಮಂದಿ ಇದ್ದಾರೆ.

ಹಕ್ಕಿಗಳು ಗಾಳಿಗೆ ಎದುರಾಗಿ ಇಳಿಯುತ್ತವೆ. ಹುಸಿಹಕ್ಕಿಗಳನ್ನು, ಅಂದರೆ ಡಿಕಾಯ್‌ಗಳನ್ನು, ಮುಂದೆ ಹರಡಿ, ಗಾಳಿಗೆ ಬೆನ್ನು ಕೊಟ್ಟು ಮಲಗುವುದು ಸಾಮಾನ್ಯ ರೂಢಿ. ಆದರೆ ಹಾಗೆ ಮಾಡಿದಾಗ ಇಳಿಯುವ ಹಿಂಡು ಕೊನೆಯವರೆಗೂ ನಿಮ್ಮನ್ನೇ ದಿಟ್ಟಿಸುತ್ತ ಬರುತ್ತದೆ. ಅಕ್ಟೋಬರ್ ಕೊನೆಯ ಎಚ್ಚರದ ಹಕ್ಕಿಗಳಿಗೆ ಬ್ಲೈಂಡ್‌ಗಳನ್ನು ಒಂದು ಪಕ್ಕಕ್ಕೆ ಸರಿಸಿ, ಗಾಳಿ ನಿಮ್ಮ ಮುಂದೆ ಅಡ್ಡಲಾಗಿ ಬೀಸುವಂತೆ ನೋಡಿಕೊಂಡರೆ ಅವುಗಳ ನೋಟ ಹುಸಿಹಕ್ಕಿಗಳ ಮೇಲೆ ಉಳಿಯುತ್ತದೆ.

ಇನ್ನು ನಿನ್ನ ಮೈ. ಹಿಂಡು ತಲೆಯ ಮೇಲೆ ಸುತ್ತುವಾಗ ಕತ್ತೆತ್ತಿ ನೋಡುವ ಆಸೆಯನ್ನು ತಡೆದುಕೋ. ಮೇಲೆ ತಿರುಗಿದ ಮುಖ ಮೊದಲು ಕಾಣುತ್ತದೆ. ಟೋಪಿಯ ಅಂಚಿನ ಕೆಳಗಿನಿಂದ ಕಣ್ಣನ್ನಷ್ಟೇ ಹೊರಳಿಸು, ಕೈಗವಸು ಹಾಕಿಕೋ. ಖಾಲಿ ಕಾಡತೂಸುಗಳನ್ನು ಆಗಾಗ ಆಯ್ದಿಡು, ನಾಯಿಯಿದ್ದರೆ ಅದಕ್ಕೂ ಮರೆ ಬೇಕು. ಇಬ್ಬನಿ ಹೆಪ್ಪುಗಟ್ಟಿದ ಬೆಳಗಿನಲ್ಲಿ ಇಡೀ ಹೊಲ ಬೆಳ್ಳಗಿರುವಾಗ ನಿಮ್ಮ ಹೆಜ್ಜೆಗಳು ಕಪ್ಪು ದಾರಿಯಾಗಿ ನೇರವಾಗಿ ಬ್ಲೈಂಡಿನತ್ತ ಕೈತೋರುತ್ತವೆ, ಆದ್ದರಿಂದ ಸುಮ್ಮನೆ ಓಡಾಡಬೇಡಿ.

ಊರಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೀನು ಏರಿಯ ಮೇಲೆ ನಿಂತೇ ನೋಡಿದ್ದೀಯ. ರಾತ್ರಿ ಹೊಲಗಳಲ್ಲಿ ಮೇಯ್ದು ಹಗಲು ನೀರಿಗೆ ಮರಳುವ ಅವುಗಳನ್ನು ಬೇಟೆಯಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ. ಅಲ್ಲಿಯ ಹಕ್ಕಿಯ ಸಲುಗೆಯನ್ನು ಇಲ್ಲಿಯ ಹಕ್ಕಿಯಿಂದ ನಿರೀಕ್ಷಿಸಬೇಡ.

ಕೆನಡಾದ ಸಂಯುಕ್ತ (ಫೆಡರಲ್) ಸರ್ಕಾರದ ಬೇಟೆ ಪರವಾನಗಿ ಜೇಬಿನಲ್ಲಿರಲಿ, ಹೊಲದ ಒಡೆಯರ ಅನುಮತಿಯನ್ನು ಮೊದಲೇ ಪಡೆದಿರಿ. ಅಲ್ಲಿ ವಲಸೆ ಹೆಬ್ಬಾತುಗಳಿಗೆ ಸೀಸದ ಚರೆ 1999ರಿಂದಲೇ ನಿಷಿದ್ಧ, ಉಕ್ಕಿನದನ್ನು ಒಯ್ಯಿ. ಕೊನೆಯದಾಗಿ, ಸಾಲಾಗಿ ಮಲಗಿದಾಗ ಪಕ್ಕದವರು ನಿನಗೂ ಕಾಣದಂತೆ ಮರೆಯಾಗಿರುತ್ತಾರೆಂಬುದನ್ನು ನೆನಪಿಡು. ಯಾರ ಬಂದೂಕು ಯಾವ ದಿಕ್ಕಿಗೆ ಎಂಬುದನ್ನು ಕತ್ತಲಿರುವಾಗಲೇ ಮಾತಾಡಿಕೊಳ್ಳಿ, ಹಿರಿಯರು ಕೂಗುವವರೆಗೆ ಬ್ಲೈಂಡಿನ ಬಾಗಿಲು ತೆರೆಯಬೇಡ.

ನಿನ್ನ ಅಪ್ಪ