ಎದ್ದು ಹೋಗದೆ ಮುಗಿಸಿದ ಪರೀಕ್ಷೆ ಡ್ಯೂಟಿ: ಜೊತೆಗೆ ನಿಂತವರಿಗೆ ನನ್ನ ನಮಸ್ಕಾರ

ಈ ಸಲದ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಡ್ಯೂಟಿ ಮುಗಿಯಿತು. ಮೂರು ಗಂಟೆಯ ಪೇಪರ್ ಇದ್ದ ದಿನವೂ ಮಧ್ಯದಲ್ಲಿ ರಿಲೀವರ್‌ಗೆ ಹೇಳಿ ಕಳಿಸದೆ ಕೊಠಡಿ ನೋಡಿಕೊಂಡೆ. ಬೇರೆಯವರಿಗೆ ಇದೇನು ಅಂಥಾ ದೊಡ್ಡ ವಿಷಯ ಅನ್ನಿಸಬಹುದು. ಹೋದ ವರ್ಷ ನನಗೆ ಒಂದು ಪೀರಿಯಡ್ ಪೂರ್ತಿ ಪಾಠ ಮಾಡುವುದೇ ಕಷ್ಟವಾಗಿತ್ತು. ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನ್ನಿಸೋದು, ಅನ್ನಿಸಿದ ತಕ್ಷಣ ಓಡಲೇಬೇಕು ಅನ್ನೋ ಅವಸರ. ಅದರಿಂದ ಹೊರಗೆ ಬರೋಕೆ ಕೈ ಹಿಡಿದವರು ತುಂಬಾ ಜನ. ಹೆಸರು ಹಾಕಿದರೆ ಅವರಿಗೆ ಮುಜುಗರ ಆಗಬಹುದು, ಹಾಗಾಗಿ ಹಾಕುತ್ತಿಲ್ಲ. ಓದಿದರೆ ಅವರಿಗೆ ಗೊತ್ತಾಗುತ್ತೆ.

ಮೊದಲು ನಮ್ಮತ್ತೆ. "ರಾತ್ರಿಯೆಲ್ಲಾ ಬಾತ್‌ರೂಮ್ ಲೈಟ್ ಹಾಕ್ತೀಯ, ಆರಿಸ್ತೀಯ. ಏನಾಗ್ತಿದೆ ಹೇಳವ್ವ" ಅಂತ ಅವರೇ ಕೇಳಿದರು. ಉಷ್ಣ ಇರಬೇಕು ಅಂತ ಎಳನೀರು ಕೊಟ್ಟರು, ಬಾರ್ಲಿ ನೀರು ಕಾಯಿಸಿದರು. ಕಡಿಮೆ ಆಗದಿದ್ದಾಗ, "ಇದು ಮನೆ ಮದ್ದಿಗೆ ಬಗ್ಗೋದಲ್ಲ, ನಡಿ" ಅಂತ ತಾವೇ ಸೆರಗು ಸರಿ ಮಾಡಿಕೊಂಡು ಆಸ್ಪತ್ರೆಗೆ ಹೊರಟರು. ಡಾಕ್ಟರ್ ಮುಂದೆ ನಾನು ಮಾತು ನುಂಗಿದಾಗ ಅವರೇ ಬಿಡಿಸಿ ಹೇಳಿದರು. ಈ ವಿಷಯವನ್ನು ಸೊಸೆಗಾಗಿ ಬಾಯಿ ಬಿಟ್ಟು ಮಾತಾಡುವ ಅತ್ತೆ ಸಿಗೋದು ದೊಡ್ಡ ಪುಣ್ಯ.

ಡಾಕ್ಟರಮ್ಮ ಅವತ್ತು ಹೇಳಿದ ಒಂದು ಮಾತನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಮೂತ್ರ ಜಾಸ್ತಿ ಆಗೋದು ಬೇರೆ, ಜಾಸ್ತಿ ಸಲ ಹೋಗೋದು ಬೇರೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ ಮೂತ್ರದ ಪ್ರಮಾಣವೇ ಹೆಚ್ಚುತ್ತೆ, ಜೊತೆಗೆ ಬಾಯಾರಿಕೆ. ಸೋಂಕು ಇದ್ದರೆ ಉರಿ ಇರುತ್ತೆ, ಹೋದಷ್ಟು ಸಲವೂ ಸ್ವಲ್ಪ ಸ್ವಲ್ಪ. ಕಲ್ಲು ಇದ್ದರೂ, ಬಸುರಿಯಾದರೂ, ಬಿಪಿಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತೆ. ಆದ್ದರಿಂದ ಮೊದಲು ಮೂತ್ರ ಪರೀಕ್ಷೆ, ಖಾಲಿ ಹೊಟ್ಟೆಯ ಶುಗರ್, ಮೂತ್ರ ಮಾಡಿ ಬಂದ ಮೇಲೆ ಒಳಗೆ ಎಷ್ಟು ಉಳಿದಿದೆ ಅಂತ ನೋಡೋಕೆ ಸ್ಕ್ಯಾನಿಂಗ್. ಶುಗರ್ 126 ದಾಟಿದ್ದರೆ ದಾರಿ ಬೇರೆಯೇ ಆಗುತ್ತಿತ್ತು. ನನ್ನದು ಎಲ್ಲ ಸರಿಯಿತ್ತು.

ಎಲ್ಲ ಸರಿಯಿದೆ ಅಂತ ಅವರು ನನ್ನನ್ನು ಮನೆಗೆ ಕಳಿಸಿಬಿಡಲಿಲ್ಲ. ಅದಕ್ಕೇ ಈ ಕೃತಜ್ಞತೆ ಇಷ್ಟು ಗಾಢ. ಒಂದು ಹಾಳೆಯಲ್ಲಿ ಗೆರೆ ಎಳೆದು ಕೊಟ್ಟರು. ಎಷ್ಟು ಹೊತ್ತಿಗೆ ಏನು ಕುಡಿದೆ, ಎಷ್ಟು ಹೊತ್ತಿಗೆ ಹೋದೆ, ಎಷ್ಟು ಎಂಎಲ್, ಅವಸರ ಇತ್ತಾ ಇಲ್ವಾ. ಮೂರು ದಿನ ಬರೆಯಬೇಕು. ಅಳತೆಗೆ ಒಂದು ಪ್ಲಾಸ್ಟಿಕ್ ಜಗ್ ತಂದೆವು. ಅಡುಗೆಮನೆಯದರ ಜೊತೆ ಸೇರಬಾರದು ಅಂತ ಅತ್ತೆ ಅದರ ಹಿಡಿಗೆ ಕೆಂಪು ನೈಲ್ ಪಾಲಿಶ್ ಬಳಿದು, ಬಾತ್‌ರೂಮ್ ಕಿಟಕಿಯ ಮೇಲೆ ಕವುಚಿ ಇಟ್ಟರು.

ಬರೆದ ಮೇಲೆ ಚಿತ್ರ ತಾನಾಗೇ ಕಾಣಿಸಿತು. ಸಾಮಾನ್ಯವಾಗಿ ಮೂತ್ರಕೋಶ 300ರಿಂದ 500 ಎಂಎಲ್ ಹಿಡಿಯುತ್ತೆ, ದಿನಕ್ಕೆ ಆರೇಳು ಸಲ ಹೋಗೋದು ಸಹಜ. ನನ್ನ ಹಾಳೆಯಲ್ಲಿ ಎಷ್ಟೋ ಕಡೆ ನೂರು ಎಂಎಲ್ ಕೂಡ ಇರಲಿಲ್ಲ. ಚೀಲ ತುಂಬುವ ಮೊದಲೇ ಅದರ ಸ್ನಾಯು ಹಿಂಡಿಕೊಳ್ಳುತ್ತಿತ್ತು. ಓವರ್‌ಆಕ್ಟಿವ್ ಬ್ಲ್ಯಾಡರ್ ಅಂದರು. ಸ್ಟಾಫ್‌ರೂಮ್ ಟೀ ಕುಡಿದ ಮೇಲಂತೂ ಸಾಲಾಗಿ ಗುರುತುಗಳು. ಟೀ ಜಾಗಕ್ಕೆ ಮಜ್ಜಿಗೆ ಬಂತು. ನೀರು ಮಾತ್ರ ಬಿಡಬೇಡಿ ಅಂತ ಗಟ್ಟಿಯಾಗಿ ಹೇಳಿದರು. ನಮ್ಮ ದಾವಣಗೆರೆ ಬಿಸಿಲಿಗೆ ನೀರು ಬಿಟ್ಟರೆ ಮೂತ್ರ ಗಾಢವಾಗಿ ಚೀಲ ಇನ್ನಷ್ಟು ಕೆರಳುತ್ತೆ. ಹಗಲು ಚೆನ್ನಾಗಿ ಕುಡಿದು, ಮಲಗುವ ಎರಡು ಗಂಟೆ ಮೊದಲು ಕಡಿಮೆ ಮಾಡಿದರೆ ಸಾಕು. ಮಲಬದ್ಧತೆ ಇದ್ದರೂ ಚೀಲದ ಮೇಲೆ ಒತ್ತಡ ಬೀಳುತ್ತಂತೆ. ಆಮೇಲೆ ಮನೆಯಲ್ಲಿ ರೊಟ್ಟಿ ಜೊತೆ ಸೊಪ್ಪಿನ ಪಲ್ಯ ತಪ್ಪಲಿಲ್ಲ.

ಫಿಸಿಯೋಥೆರಪಿಯ ಹುಡುಗಿಗೆ ನನ್ನ ಮಗಳ ವಯಸ್ಸು. ಎಷ್ಟು ತಾಳ್ಮೆ ಆ ಮಗುವಿಗೆ! ಗ್ಯಾಸ್ ತಡೆಯುವ ಹಾಗೆ ಒಳಗಿನ ಸ್ನಾಯು ಬಿಗಿ ಹಿಡಿದು, ಐದು ಎಣಿಸಿ, ಅಷ್ಟೇ ಹೊತ್ತು ಸಡಿಲ ಬಿಡೋದು. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಅವಸರ ಬಂದಾಗ ಓಡಬಾರದು. ನಿಂತಲ್ಲೇ ನಿಂತು ನಾಲ್ಕೈದು ಸಲ ಬೇಗ ಬೇಗ ಬಿಗಿದು ಬಿಟ್ಟರೆ ಅದು ತಣ್ಣಗಾಗುತ್ತೆ, ಆಮೇಲೆ ನಿಧಾನಕ್ಕೆ ನಡೆದು ಹೋಗಬೇಕು. ಎರಡು ಸಲದ ನಡುವಿನ ಸಮಯವನ್ನು ಹದಿನೈದು ನಿಮಿಷದಂತೆ ಬೆಳೆಸಬೇಕು. ಇದು ವಾರಗಟ್ಟಲೆ ಹಿಡಿಯುವ ಕೆಲಸ. ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ಸುಮ್ನೆ ನಿಂತು ಎಣಿಸಿದ ದಿನಗಳಿವೆ. ಮಕ್ಕಳು ಲೆಕ್ಕ ಯೋಚಿಸ್ತಿದ್ದಾರೆ ಮೇಡಂ ಅಂದುಕೊಂಡರು.

ಶಾಲೆಯಲ್ಲಿ ನಮ್ಮ ಎಚ್ಎಂ ಸರ್‌ಗೆ ಒಬ್ಬ ಸಹೋದ್ಯೋಗಿ ಅಕ್ಕ ವಿಷಯ ಮುಟ್ಟಿಸಿದರು. ಅವರು ನನ್ನನ್ನು ಕರೆದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಟೈಮ್‌ಟೇಬಲ್‌ನಲ್ಲಿ ನನ್ನ ಪೀರಿಯಡ್‌ಗಳು ಬಿಡಿ ಬಿಡಿಯಾದವು. ಹೆಣ್ಣುಮಕ್ಕಳ ಶೌಚಾಲಯದ ಮುರಿದ ಚಿಲಕ ರಿಪೇರಿಯಾಯಿತು, ನಲ್ಲಿಗೆ ನೀರು ಬಂತು. ಇದರ ಲಾಭ ನನಗಿಂತ ಮಕ್ಕಳಿಗೆ ಜಾಸ್ತಿ. ಬೆಳಗ್ಗೆ ಮನೆ ಬಿಟ್ಟವರು ಸಂಜೆವರೆಗೂ ತಡೆದುಕೊಂಡೇ ಇರುವ ಹುಡುಗಿಯರು ನಮ್ಮ ಕಡೆ ಕಮ್ಮಿಯಿಲ್ಲ. ಸರ್, ನಿಮಗೆ ಕೈ ಮುಗಿಯುತ್ತೇನೆ.

ಜಗಳೂರು ರಸ್ತೆಯ ನಮ್ಮ ಬಸ್ಸಿನ ಕಂಡಕ್ಟರ್ ಅಣ್ಣನಿಗೂ. "ಮೇಡಂ, ಬೇಕಾದ್ರೆ ಹೇಳಿ, ನಿಲ್ಲಿಸ್ತೀವಿ" ಅಂತ ಒಂದೇ ಮಾತು ಹೇಳಿದ್ದರು. ನಿಲ್ಲಿಸುತ್ತಾರೆ ಅನ್ನೋ ಧೈರ್ಯಕ್ಕೇ ಅರ್ಧ ಅವಸರ ಇಳಿಯುತ್ತಿತ್ತು. ಸ್ಟಾಪಿನ ಹತ್ತಿರ ಮಂಡಕ್ಕಿ ಮಿರ್ಚಿ ಅಂಗಡಿಯ ಅವ್ವ ತಮ್ಮ ಮನೆಯ ಹಿತ್ತಲ ಬಾಗಿಲನ್ನೇ ನನಗೆ ತೆರೆದಿಟ್ಟರು.

ನನ್ನ ಮಾತು ಮನೆಯಲ್ಲಿ ಸಲೀಸಾದ ಮೇಲೆ ನಮ್ಮ ಮಾವನವರೂ ಬಾಯಿ ಬಿಟ್ಟರು. ಅವರೂ ರಾತ್ರಿ ಏಳುತ್ತಿದ್ದರಂತೆ, ಧಾರೆ ಸಣ್ಣದಾಗಿತ್ತಂತೆ, ಪೂರ್ತಿ ಖಾಲಿಯಾಗಲಿಲ್ಲ ಅನ್ನಿಸುತ್ತಿತ್ತಂತೆ. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರದ ನಾಳವನ್ನು ಒತ್ತುತ್ತೆ. ಈಗ ಅವರು ಮಾತ್ರೆಯಲ್ಲಿದ್ದಾರೆ, ಕತ್ತಲಲ್ಲಿ ತಡಕಾಡಿಕೊಂಡು ಹೋಗುವುದು ಕಡಿಮೆಯಾಗಿದೆ. ಮಾವ, ನೀವು ಹೇಳಿಕೊಂಡಿದ್ದಕ್ಕೆ ನನಗೆ ತುಂಬಾ ಸಂತೋಷ.

ಓದುವವರಲ್ಲಿ ಒಂದು ಕೋರಿಕೆ. ಮೂತ್ರದಲ್ಲಿ ರಕ್ತ ಕಂಡರೆ, ಚಳಿಜ್ವರದ ಜೊತೆ ಬೆನ್ನಿನ ಪಕ್ಕ ನೋವು ಬಂದರೆ, ಇಲ್ಲವೇ ಮೂತ್ರ ಕಟ್ಟಿಯೇ ಹೋದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಹಾಗೇನೂ ಇಲ್ಲ, ಬರೀ ಪದೇ ಪದೇ ಹೋಗಬೇಕು ಅನ್ನಿಸುತ್ತೆ ಅಂದರೂ ಒಮ್ಮೆ ತೋರಿಸಿ. ಡಾಕ್ಟರಮ್ಮ ಗೆರೆ ಎಳೆದುಕೊಟ್ಟ ಹಾಳೆಯ ಜೆರಾಕ್ಸ್ ಪ್ರತಿಗಳು ನನ್ನ ಬ್ಯಾಗಿನಲ್ಲೇ ಇವೆ. ನಮ್ಮ ಬಸ್ಸಿನಲ್ಲಿ, ಶಾಲೆಯಲ್ಲಿ, ಬೀದಿಯಲ್ಲಿ ಯಾರಿಗೆ ಬೇಕಾದರೂ ಕೇಳಿ. ಹೇಗೆ ತುಂಬಬೇಕು ಅಂತ ಪಕ್ಕದಲ್ಲಿ ಕೂತು ತೋರಿಸಿಕೊಡುತ್ತೇನೆ.